ಬಸ್ಸು, ಮೆಟ್ರೋ ನಂಬಿಕೊಂಡವರಿಗೆ ಯಾವ ಹೋಟೆಲ್? ಮೂರು ಕಡೆ ಉಳಿದು ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಮೆಟ್ರೋ ಲೈನಿನ ಮೇಲಿರುವ, ಊರಿನ ನಡುಭಾಗದಿಂದ ನಾಲ್ಕೈದು ಸ್ಟೇಷನ್ ಆಚೆಗಿನ ಸಾದಾ ಹೋಟೆಲಿಗೆ. ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿಗೆ ಎರಡನೇ ಜಾಗ. ಊರಾಚೆ ಬಸ್ ದಾರಿಯಲ್ಲಿ ಅಗ್ಗಕ್ಕೆ ದೊಡ್ಡ ರೂಮ್ ಕೊಡುವ ಹೋಟೆಲ್ ಕೊನೆಯದು. ಅದೂ ಎರಡನೆಯದಕ್ಕಿಂತ ಬಹಳ ಹಿಂದೆ. ಮೂರು ತರಹದಲ್ಲೂ ಉಳಿದಿದ್ದೇನೆ, ಟ್ಯಾಕ್ಸಿ ಹತ್ತದೆ ಓಡಾಡಿದ್ದೇನೆ.

ಹಾಸಿಗೆ, ವೈಫೈ, ಬಿಸಿನೀರಿನ ಮಾತು ಇಲ್ಲಿ ಬೇಡ. ಅವೆಲ್ಲ ಬುಕಿಂಗ್ ಆಪಿನಲ್ಲೇ ಇರುತ್ತವೆ, ಈ ದರದಲ್ಲಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ಊರಾಚೆಯ ಹೋಟೆಲಿನ ಪುಟದಲ್ಲಿ 'ಬಾಗಿಲಲ್ಲೇ ಬಸ್ ಸ್ಟಾಪ್' ಎಂದು ದೊಡ್ಡದಾಗಿ ಬರೆದಿತ್ತು. ಸುಳ್ಳೇನಲ್ಲ, ಗೇಟು ದಾಟಿದರೆ ಸ್ಟಾಪು. ಆದರೆ ಅದು ಊರೊಳಗೆ ಹೋಗುವ ಬಸ್ಸಿನ ಸ್ಟಾಪು ಮಾತ್ರ. ಹೋಟೆಲ್ ಮುಂದಿನ ರಸ್ತೆ ಒನ್ ವೇ. ವಾಪಸ್ ಬರುವ ಬಸ್ಸು ಹಿಂದಿನ ದೊಡ್ಡ ರಸ್ತೆಯಲ್ಲಿ ಬರುತ್ತದೆ, ಅದರ ಆಚೆ ಬದಿಯಲ್ಲಿ ಇಳಿಸುತ್ತದೆ. ನಡುವೆ ಉದ್ದಕ್ಕೂ ಡಿವೈಡರ್. ದಾಟಬೇಕೆಂದರೆ ಸ್ಕೈವಾಕ್‌ವರೆಗೆ ಹಿಂದಕ್ಕೆ ನಡೆಯಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು, ಆಮೇಲೆ ಹೋಟೆಲ್ ಇರುವ ಬೀದಿಗೆ ಸುತ್ತಿ ಬರಬೇಕು. ಬೆಳಗ್ಗೆ ಒಂದು ನಿಮಿಷದ ದಾರಿ ರಾತ್ರಿ ಕಾಲು ಗಂಟೆಯದ್ದಾಗುತ್ತದೆ. ಸೂಟ್‌ಕೇಸ್ ಜೊತೆಗಿದ್ದ ದಿನ ಎಷ್ಟಾಯಿತು ಎಂದು ನಾನು ಗಡಿಯಾರ ನೋಡಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ.

ಇದು ಆ ಒಂದು ಹೋಟೆಲಿನ ಕಥೆ ಎಂದುಕೊಳ್ಳಬೇಡಿ. ಒನ್ ವೇ ರಸ್ತೆಗಳಿರುವ ಯಾವ ಊರಿನಲ್ಲೂ ಹೋಗುವ ಬಸ್ಸಿಗೊಂದು ಬೀದಿ, ಬರುವ ಬಸ್ಸಿಗೊಂದು ಬೀದಿ ಇರುವುದು ಮಾಮೂಲು. ಬುಕಿಂಗ್ ಪುಟದಲ್ಲಿ ಹತ್ತಿರದ ಒಂದು ಸ್ಟಾಪಿನ ದೂರ ಮಾತ್ರ ಕಾಣುತ್ತದೆ, ಅದು ಯಾವ ದಿಕ್ಕಿನದು ಎಂದು ಅಲ್ಲಿ ಇರುವುದಿಲ್ಲ. ಜೊತೆಗೆ ಆ ದೂರ ಸಾಮಾನ್ಯವಾಗಿ ಗೆರೆ ಎಳೆದ ಹಾಗೆ ನೇರ ದೂರ. ನಡುವೆ ರೈಲು ಹಳಿ ಇದ್ದರೂ, ಕಾಲುವೆ ಇದ್ದರೂ ಗೆರೆಗೇನು? ಜಪಾನಿನಲ್ಲಿ ಮನೆ ಜಾಹೀರಾತಿಗೆ ಒಂದು ನಿಯಮವಿದೆ: ಸ್ಟೇಷನ್‌ನಿಂದ ಇಷ್ಟು ನಿಮಿಷ ಎಂದು ಬರೆಯುವುದಾದರೆ ರಸ್ತೆಯ ಮೇಲಿನ ದೂರವನ್ನೇ ಹಿಡಿಯಬೇಕು, 80 ಮೀಟರಿಗೆ ಒಂದು ನಿಮಿಷದಂತೆ. ಸಿಗ್ನಲ್ಲಿನಲ್ಲಿ ಕಾಯುವುದು, ಏರು ಹತ್ತುವುದು ಅದರಲ್ಲಿ ಸೇರುವುದಿಲ್ಲ. ಆದರೂ ನೇರ ಗೆರೆಗಿಂತ ಸಾವಿರ ಪಾಲು ವಾಸಿ. ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೋಗುವಾಗ ನಾನು ನಿಮಿಷಕ್ಕೆ 60 ಮೀಟರ್ ಎಂದೇ ಲೆಕ್ಕ ಹಾಕುತ್ತೇನೆ.

ಹಾಗಾಗಿ ಈಗ ಬುಕ್ ಮಾಡುವ ಮೊದಲು ಮ್ಯಾಪಿನಲ್ಲಿ ದಾರಿಯನ್ನು ಎರಡು ಸಲ ಹುಡುಕುತ್ತೇನೆ. ಹೋಟೆಲಿನಿಂದ ಊರೊಳಗೆ ಒಮ್ಮೆ, ಊರೊಳಗಿಂದ ಹೋಟೆಲಿಗೆ ಇನ್ನೊಮ್ಮೆ. ಎರಡನೆಯದನ್ನು ಭಾನುವಾರ ರಾತ್ರಿ ಒಂಬತ್ತೂವರೆಗೆ ಹೊರಟ ಹಾಗೆ ಹಾಕುತ್ತೇನೆ. ಸುಮ್ನೆ ಬಿಟ್ಟರೆ ಆಪು 'ಈಗ' ಎಂದು ಹಿಡಿದು, ಮಟಮಟ ಮಧ್ಯಾಹ್ನದ ಚಂದದ ಲೆಕ್ಕ ಕೊಡುತ್ತದೆ. ಹಗಲು ಹತ್ತು ನಿಮಿಷಕ್ಕೊಂದು ಇದ್ದ ಬಸ್ಸು ರಾತ್ರಿ ಅರ್ಧ ಗಂಟೆಗೊಂದಾಗುವುದು ಗೊತ್ತಾಗುವುದೇ ಹೀಗೆ ಹುಡುಕಿದಾಗ.

ಆ ಹತ್ತು ನಿಮಿಷದ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಬಸ್ಸುಗಳು ಸರಿಯಾಗಿ ಹತ್ತು ನಿಮಿಷಕ್ಕೊಂದು ಬಂದರೆ ಸರಾಸರಿ ಐದು ನಿಮಿಷ ಕಾಯಬೇಕು, ಸರಿ. ಆದರೆ ಒಂದು ಬಸ್ಸು ಸ್ವಲ್ಪ ತಡವಾಯಿತು ಅಂದುಕೊಳ್ಳಿ. ಮುಂದಿನ ಸ್ಟಾಪುಗಳಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಇನ್ನೂ ತಡ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ಇಪ್ಪತ್ತು ನಿಮಿಷ ಏನೂ ಇಲ್ಲ, ಆಮೇಲೆ ಎರಡು ಒಟ್ಟಿಗೆ! ಸ್ಟಾಪಿಗೆ ಬರುವವರಲ್ಲಿ ಹೆಚ್ಚಿನವರು ಆ ಉದ್ದದ ಖಾಲಿ ಹೊತ್ತಿನಲ್ಲೇ ಬಂದಿರುತ್ತಾರೆ. ಹಾಗಾಗಿ ಕಾಯುವುದು ಐದು ನಿಮಿಷಕ್ಕಿಂತ ಜಾಸ್ತಿಯೇ ಆಗುತ್ತದೆ. ಮೆಟ್ರೋದಲ್ಲೂ ಹೀಗಾಗಬಹುದು, ಆದರೆ ಅದಕ್ಕೆ ಟ್ರಾಫಿಕ್ ಇಲ್ಲ, ಸಿಗ್ನಲ್ಲು ತನ್ನದೇ. ಏರುಪೇರು ಬಹಳ ಕಡಿಮೆ.

ಇನ್ನು ದುಡ್ಡು. ಊರಾಚೆಯ ರೂಮು ನನಗೆ ಮೆಟ್ರೋ ಪಕ್ಕದ ರೂಮಿನ ಮುಕ್ಕಾಲು ದರಕ್ಕೆ ಸಿಕ್ಕಿತ್ತು. ಉಳಿದ ಕಾಲು ಭಾಗದಲ್ಲಿ ಒಂದಿಷ್ಟನ್ನು ಬಸ್ಸಿನ ಪಾಸು ತಿಂದಿತು. ಲಂಡನ್ ತರಹ ವಲಯಗಳ ಲೆಕ್ಕದಲ್ಲಿ ದರ ಇರುವ ಕಡೆ ನಡುಭಾಗದಿಂದ ದೂರ ಹೋದಷ್ಟೂ ರೈಲಿನ ಖರ್ಚು ಏರುತ್ತದೆ. ಪ್ಯಾರಿಸ್ ಸುತ್ತಮುತ್ತ 2025ರ ಜನವರಿಯಿಂದ ಬೇರೆ ರೀತಿ: ಮೆಟ್ರೋ ಮತ್ತು ರೈಲಿನ ಬಿಡಿ ಟಿಕೆಟಿಗೆ ಎಲ್ಲಿಂದ ಎಲ್ಲಿಗಾದರೂ ಒಂದೇ ದರ, ವಿಮಾನ ನಿಲ್ದಾಣಕ್ಕೆ ಮಾತ್ರ ಬೇರೆ. ಅಂಥ ಕಡೆ ದೂರದ ಹೋಟೆಲಿಗೆ ದುಡ್ಡಿನ ಶಿಕ್ಷೆ ಇಲ್ಲ, ಸಮಯದ ಶಿಕ್ಷೆ ಮಾತ್ರ. ರೂಮಿನ ದರ ಹೋಲಿಸುವಾಗ ಪಾಸಿನ ದರವನ್ನೂ ಸೇರಿಸಿಯೇ ಹೋಲಿಸಿ.

ರೈಲ್ವೆ ಸ್ಟೇಷನ್ ಎದುರಿನ ಹೋಟೆಲ್ ಈ ತಲೆನೋವುಗಳಿಂದ ದೂರ. ಇಳಿದ ತಕ್ಷಣ ರೂಮ್, ಎಲ್ಲ ಕಡೆಯ ಬಸ್ಸೂ ಅಲ್ಲಿಂದಲೇ. ರೂಮ್ ಖಾಲಿ ಮಾಡಿ, ಲಗೇಜನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ಊರು ಸುತ್ತಿ, ರಾತ್ರಿ ರೈಲಿಗೆ ಎತ್ತಿಕೊಂಡು ಹೋಗಬಹುದು. ಆದರೆ ಮೂರರಲ್ಲಿ ಇದೇ ದುಬಾರಿ, ರೂಮೂ ಚಿಕ್ಕದು. ರಾತ್ರಿಯಿಡೀ ಅನೌನ್ಸ್‌ಮೆಂಟು, ಹಾರ್ನು. ನನ್ನ ನಿದ್ದೆ ತೆಳು. 'ಸ್ಟೇಷನ್ ಪಕ್ಕ' ಎಂದರೆ ಯಾವ ಪಕ್ಕ ಎಂದೂ ಕೇಳಬೇಕು. ಟೋಕಿಯೋದ ಶಿಂಜುಕು ಸ್ಟೇಷನ್‌ಗೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ಅಲ್ಲಿ ತಪ್ಪು ಬಾಗಿಲಲ್ಲಿ ಹೊರಬಂದರೆ 'ಪಕ್ಕ' ಎಂಬ ಮಾತಿಗೆ ಬೆಲೆಯೇ ಇಲ್ಲ.

ಮೆಟ್ರೋ ದಾರಿಯ ಹೋಟೆಲಿನ ಬಗ್ಗೆ ಜಾಸ್ತಿ ಹೇಳುವುದಕ್ಕೆ ಏನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಸುತ್ತ ಮನೆಗಳು, ರಾತ್ರಿ ಸದ್ದಿಲ್ಲ. ಸ್ಟೇಷನ್‌ಗೆ ನಡೆದು ಎಂಟು ನಿಮಿಷ, ಬರುವಾಗಲೂ ಅದೇ ಎಂಟು ನಿಮಿಷ. ಎರಡೂ ದಿಕ್ಕಿನ ರೈಲು ಒಂದೇ ಸ್ಟೇಷನ್‌ಗೆ ಬರುತ್ತವಲ್ಲ, ಅದಕ್ಕೇ. ನಾನು ಹೆಚ್ಚು ಓಡಾಡುವ ಕಡೆಗೆ ಲೈನ್ ಬದಲಿಸದೆ ಹೋಗುವಂತಿರಬೇಕು ಎಂಬುದೊಂದೇ ನನ್ನ ಹಟ. ಇನ್ನೂ ಎರಡು ಸ್ಟೇಷನ್ ದೂರವಾದರೂ ಪರವಾಗಿಲ್ಲ, ನಡುವೆ ಇಳಿದು ಇನ್ನೊಂದು ಪ್ಲಾಟ್‌ಫಾರ್ಮಿಗೆ ಓಡುವುದು ಬೇಡ.

ಕೊರತೆ ಇಲ್ಲದಿಲ್ಲ. ಲಿಫ್ಟ್ ಇದೆಯಾ ನೋಡಿಕೊಳ್ಳಿ, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ. ಪ್ಯಾರಿಸ್ಸಿನಲ್ಲಿ 1998ರಲ್ಲಿ ಶುರುವಾದ 14ನೇ ಲೈನಿನ ಎಲ್ಲ ಸ್ಟೇಷನ್‌ಗೂ ಲಿಫ್ಟ್ ಇದೆ, ಹಳೆಯ ಲೈನುಗಳ ಹೆಚ್ಚಿನ ಸ್ಟೇಷನ್‌ಗಳಿಗೆ ಇಲ್ಲ. ಕೊನೆಯ ರೈಲಿನ ಹೊತ್ತೂ ಗೊತ್ತಿರಬೇಕು. ನ್ಯೂಯಾರ್ಕಿನ ಸಬ್‌ವೇ 24 ಗಂಟೆಯೂ ಓಡುತ್ತದೆ, ಆದರೆ ಅಂಥ ಊರು ಅಪರೂಪ. ಲಂಡನ್‌ನಲ್ಲಿ ರಾತ್ರಿಯಿಡೀ ಮೆಟ್ರೋ ಬಂದದ್ದು 2016ರಲ್ಲಿ, ಅದೂ ಶುಕ್ರವಾರ, ಶನಿವಾರದ ರಾತ್ರಿ ಮಾತ್ರ, ಕೆಲವೇ ಲೈನುಗಳಲ್ಲಿ. ನಡುರಾತ್ರಿಯವರೆಗೆ ಹೊರಗಿರುವ ಅಭ್ಯಾಸ ನಿಮಗಿದ್ದರೆ ನನ್ನ ಆಯ್ಕೆ ನಿಮಗೆ ಕಿರಿಕಿರಿ ಅನಿಸಬಹುದು. ನಾನು ಹತ್ತು ಗಂಟೆಗೆ ಮಲಗುವ ಆಸಾಮಿ.

ಇನ್ನೊಂದು ಅಭ್ಯಾಸವೂ ಇದೆ: ಮಧ್ಯಾಹ್ನ ರೂಮಿಗೆ ಬಂದು ಒಂದು ಗಂಟೆ ಮಲಗಿ, ಸಂಜೆ ಮತ್ತೆ ಹೊರಡುವುದು. ದಿನಕ್ಕೆ ಎರಡು ಸಲ ಹೋಗಿ ಬರುವವನಿಗೆ ದಾರಿಯ ಅನಿಶ್ಚಿತತೆಯೂ ಎರಡು ಪಟ್ಟು. ಊರಾಚೆ ಇದ್ದಾಗ ಮಧ್ಯಾಹ್ನದ ನಿದ್ದೆ ಬಿಟ್ಟೇ ಹೋಯಿತು, ದೊಡ್ಡ ರೂಮು ಹಗಲೆಲ್ಲ ಖಾಲಿ ಬಿದ್ದಿತ್ತು. ಬೆಳಗ್ಗೆ ಹೊರಟು ರಾತ್ರಿಯೇ ಮರಳುವವರಿಗೆ, ಮಕ್ಕಳ ಜೊತೆ ದೊಡ್ಡ ರೂಮು ಬೇಕಾದವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಆದರೂ ವಾಪಸ್ ಬಸ್ಸಿನ ಸ್ಟಾಪು ಎಲ್ಲಿದೆ ಎಂದು ನೋಡದೆ ದುಡ್ಡು ಕಟ್ಟಬೇಡಿ.

ಮೂರು ರಾತ್ರಿಗಿಂತ ಜಾಸ್ತಿ ಉಳಿಯುವುದಾದರೆ ನನಗೆ ಮೆಟ್ರೋ ದಾರಿಯದೇ ಸರಿ. ಒಂದೇ ರಾತ್ರಿ ಇದ್ದು, ಮೆಟ್ರೋ ಶುರುವಾಗುವ ಮೊದಲೇ ರೈಲು ಹತ್ತುವುದಾದರೆ ಮಾತ್ರ ಸ್ಟೇಷನ್ ಎದುರಿನ ಹೋಟೆಲಿಗೆ ಜಾಸ್ತಿ ದುಡ್ಡು ಕೊಡುತ್ತೇನೆ. ಬುಕ್ ಮಾಡಿದ ಮೇಲೆ ಫೋನ್ ಮಾಡಿ, ರಸ್ತೆ ಕಡೆಯ ರೂಮ್ ಬೇಡ, ಹಿಂದುಗಡೆ ಮೇಲಿನ ಮಹಡಿಯಲ್ಲಿ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಸಾಮಾನ್ಯವಾಗಿ ಕೊಡುತ್ತಾರೆ.