ಬೆಳಗಾವಿಯಲ್ಲಿ ಮೊದಲ ಸೆಮಿಸ್ಟರ್: ಬ್ರಿಡ್ಜ್ ಕ್ಲಾಸ್ ಚೆನ್ನಾಗಿದೆ

ನಾವು ಬೈಲಹೊಂಗಲದ ಕಡೆಯವರು. ಮಗಳು ಹತ್ತನೇವರೆಗೆ ಓದಿದ್ದು ಕನ್ನಡ ಮಾಧ್ಯಮ. ಈ ವರ್ಷ ಬೆಳಗಾವಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಎಂಜಿನಿಯರಿಂಗ್ ಕಾಲೇಜು ಸೇರಿದಳು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹೊಸ ವಿದ್ಯಾರ್ಥಿಗಳಿಗೆ ಹೇಳುವ 3 ವಾರಗಳ ಇಂಡಕ್ಷನ್‌ನಲ್ಲಿ ಭಾಷಣಗಳೇ ಜಾಸ್ತಿ, ಅಷ್ಟಕ್ಕಷ್ಟೆ. ನಿಜವಾಗಿ ಕೈಹಿಡಿದದ್ದು ಗಣಿತದ ಬ್ರಿಡ್ಜ್ ಕ್ಲಾಸ್, ಅಂದರೆ ಹಿಂದಿನ ಓದಿಗೂ ಕಾಲೇಜಿನ ಪಾಠಕ್ಕೂ ನಡುವಿನ ಅಂತರ ತುಂಬುವ ಕ್ಲಾಸ್. ಮೇಡಂ ಡಿಫರೆನ್ಷಿಯೇಷನ್ ಅನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಆಮೇಲೆ ಅದೇ ಲೆಕ್ಕವನ್ನು ಮಕ್ಕಳಿಂದಲೇ ಇಂಗ್ಲಿಷ್‌ನಲ್ಲಿ ಹೇಳಿಸುತ್ತಾರೆ. ಕ್ಲಾಸ್ ಮುಗಿಯುವ ಮುಂಚೆ, ತಿಳಿಯದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡಬೇಕು. ಮರುದಿನದ ಪಾಠ ಅಲ್ಲಿಂದಲೇ ಶುರು. ಎದ್ದು ನಿಂತು ಕೇಳಲು ಅಂಜುವ ಹಳ್ಳಿ ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಮೆಂಟರ್ ಸರ್ ಕೂಡ ಮೊದಲ ಇಂಟರ್ನಲ್‌ಗೂ ಮುಂಚೆಯೇ ಒಬ್ಬೊಬ್ಬರನ್ನೂ ಕರೆದು ಮಾತಾಡಿಸಿದರು. ಸಿಇಟಿ ಪ್ರವೇಶ ಪರೀಕ್ಷೆ ಆದ ಮೇಲೆ ಕಾಲೇಜುಗಳ ಆಯ್ಕೆ ತುಂಬುವ ಆಪ್ಷನ್ ಎಂಟ್ರಿಗೆ ಮುಂಚೆ ಇಂಥ ಕ್ಲಾಸ್ ಇದೆಯಾ ಅಂತ ವಿಚಾರಿಸಿಕೊಳ್ಳಿ. ಫಿಸಿಕ್ಸ್‌ನಲ್ಲಿ ಮಾತ್ರ ಸುಮ್ನೆ ಸ್ಲೈಡ್ ಓದುತ್ತಾರೆ. ಅಲ್ಲಿಗೂ ಈ ಚೀಟಿ ಬರಬೇಕು.