ಅಮ್ಮನ ಮಾತ್ರೆ ಸೂಟ್‌ಕೇಸಿನಲ್ಲಿತ್ತು: ವಿದೇಶಕ್ಕೆ ಹೊರಟವರು ಇದನ್ನೊಮ್ಮೆ ಓದಿ

ದಿನವೂ ತಪ್ಪದೆ ಮಾತ್ರೆ ನುಂಗುವವರನ್ನು ವಿದೇಶಕ್ಕೆ ಕರೆದುಕೊಂಡು ಹೋಗುವ ತಯಾರಿಯಲ್ಲಿದ್ದರೆ ದಯವಿಟ್ಟು ಐದು ನಿಮಿಷ ಕೊಡಿ. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಎಲ್ಲವನ್ನೂ ನಾವು ಮೂರು ಸಲ ನೋಡಿಕೊಂಡಿದ್ದೆವು. ಔಷಧಿಯನ್ನು ಮಾತ್ರ "ಹಾಕಿಕೊಂಡಿದೀಯಲ್ಲ ಅಮ್ಮಾ?" ಅಂತ ಒಂದು ಮಾತು ಕೇಳಿ ಸುಮ್ಮನಾಗಿದ್ದೆವು.

ಅಮ್ಮನ ಹೃದಯದಲ್ಲಿ ಮೆಟಲ್ ವಾಲ್ವ್ (ಕವಾಟ) ಇದೆ, ಮೈಟ್ರಲ್ ಜಾಗದಲ್ಲಿ, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಸಂಜೆ ಒಂದು ಮಾತ್ರೆ, ಜೀವ ಇರುವವರೆಗೂ. ಒಂದು ದಿನ 2 ಮಿಲಿಗ್ರಾಂ, ಮರುದಿನ 3. ಆಗಾಗ ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ಮಾಡಿಸಬೇಕು. ಆ ಅಂಕಿ ಕಡಿಮೆಯಾದಷ್ಟೂ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅಮ್ಮನಿಗೆ ಅದು 2.5ರಿಂದ 3.5ರ ನಡುವೆ ಇರಬೇಕು. ಎಂಟು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಅಭ್ಯಾಸವಾಗಿಬಿಟ್ಟಿದ್ದರಿಂದಲೋ ಏನೋ, ಅದು ಎಂಥಾ ಮಾತ್ರೆ ಅನ್ನೋದನ್ನೇ ನಾವು ಮರೆತಿದ್ದೆವು.

ಹೋಗಿದ್ದು ಅಮೆರಿಕದಲ್ಲಿರುವ ಅಕ್ಕನ ಮನೆಗೆ. ಪ್ರಯಾಣಕ್ಕೆ ಸಾಕಾಗುವಷ್ಟು ಮಾತ್ರೆಯನ್ನು ಅಮ್ಮ ಪುಟ್ಟ ಡಬ್ಬಿಯಲ್ಲಿ ಹಾಕಿ ಹ್ಯಾಂಡ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಉಳಿದದ್ದೆಲ್ಲ, ಆಸ್ಪತ್ರೆಯ ಫೈಲಿನ ಸಮೇತ, ದೊಡ್ಡ ಸೂಟ್‌ಕೇಸಿನಲ್ಲಿ. ಇಳಿದ ಮೇಲೆ ಬೆಲ್ಟಿನ ಮೇಲೆ ಎಲ್ಲರ ಸೂಟ್‌ಕೇಸುಗಳೂ ಬಂದವು, ಅದೊಂದು ಬರಲಿಲ್ಲ. ಒಂದೆರಡು ದಿನದಲ್ಲಿ ಮನೆಗೇ ತಲುಪಿಸುತ್ತೇವೆ ಅಂದರು. ನಂಬಿಕೊಂಡು ಬಂದೆವು.

ಮೊದಲನೇ ತಪ್ಪು ಸೂಟ್‌ಕೇಸಿನಲ್ಲಿ ಇಟ್ಟದ್ದು. ಎರಡನೆಯದು, ನನ್ನ ಪ್ರಕಾರ ಅದಕ್ಕಿಂತ ದೊಡ್ಡದು, ಕಾದು ಕುಳಿತದ್ದು. ಡಬ್ಬಿ ಖಾಲಿಯಾದ ಸಂಜೆ ಅಮ್ಮ "ಇರಲಿ ಬಿಡು, ಎರಡು ದಿನಕ್ಕೇನಾಗುತ್ತೆ" ಅಂದರು. ನಾವೂ ಹೂಂ ಅಂದೆವು. ಅಮ್ಮ ತೆಗೆದುಕೊಳ್ಳುವ ಮಾತ್ರೆ ಅಸಿನೊಕೌಮರಾಲ್. ನುಂಗಿದ ಎಂಟರಿಂದ ಹನ್ನೊಂದು ಗಂಟೆಯೊಳಗೆ ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದೇ ಜಾತಿಯ ವಾರ್ಫರಿನ್‌ಗೆ ಸುಮಾರು ನಲವತ್ತು ಗಂಟೆ ಬೇಕು. ಅಂದರೆ ಅಮ್ಮನಂಥವರಿಗೆ ಒಂದೆರಡು ದಿನ ತಪ್ಪಿದರೂ ಐಎನ್‌ಆರ್ ಬೇಗ ಬೀಳುತ್ತದೆ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ.

ಮಾತ್ರೆಯಿಲ್ಲದ ಎರಡನೇ ಸಂಜೆ ಭಾವನ ಜೊತೆ ಔಷಧಿ ಅಂಗಡಿಗೆ ಹೋದೆ. ನನ್ನ ಕೈಯಲ್ಲಿದ್ದದ್ದು ಎರಡೇ. ಒಂದು, ಫೋನಿನಲ್ಲಿದ್ದ ಹಳೇ ಚೀಟಿಯ ಫೋಟೋ, ಅದರಲ್ಲಿ ಡಾಕ್ಟರ ಕೈಬರಹದಲ್ಲಿ ಬ್ರ್ಯಾಂಡಿನ ಹೆಸರು. ಇನ್ನೊಂದು, ಡಬ್ಬಿಯಲ್ಲಿ ಉಳಿದಿದ್ದ ಖಾಲಿ ಫಾಯಿಲ್ ತುಂಡು. ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಇಟ್ಟುಕೊಂಡಿದ್ದರಲ್ಲ, ಹೆಸರಿದ್ದ ಭಾಗ ಆ ಕಡೆಗೆ ಹೋಗಿತ್ತು. ನನ್ನ ಕೈಗೆ ಸಿಕ್ಕಿದ್ದು ಹೆಸರಿನ ಕೊನೆಯ ಎರಡು ಅಕ್ಷರ, ಪಕ್ಕದಲ್ಲಿ "2". ಫಾರ್ಮಸಿಸ್ಟ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬ್ರ್ಯಾಂಡಿನ ಹೆಸರನ್ನು ಕಂಪ್ಯೂಟರಿನಲ್ಲಿ ಹಾಕಿದರು, ಏನೂ ಬರಲಿಲ್ಲ. ಒಳಗಿರುವ ಔಷಧಿಯ ಹೆಸರು ಏನು ಅಂತ ಕೇಳಿದರು. ಎಂಟು ವರ್ಷ ಅಮ್ಮನಿಗೆ ಆ ಮಾತ್ರೆ ತಂದುಕೊಟ್ಟವರು ನಾವು, ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹೆಸರು ಗೊತ್ತಿದ್ದರೂ ಮಾತ್ರೆ ಸಿಗುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಅಮೆರಿಕದಲ್ಲಿ ಅಸಿನೊಕೌಮರಾಲ್ ಮಾರಾಟಕ್ಕೇ ಇಲ್ಲ. ಇದ್ದಿದ್ದರೂ ಅಲ್ಲಿನ ಲೈಸೆನ್ಸ್ ಇರುವ ಡಾಕ್ಟರು ಬರೆದುಕೊಡಬೇಕು, ಬೇರೆ ದೇಶದ ಚೀಟಿ ನಡೆಯುವುದಿಲ್ಲ.

ಮನೆಗೆ ಬಂದರೆ ಅಕ್ಕನ ಪರಿಚಯದವರೊಬ್ಬರು ವಾರ್ಫರಿನ್ ತಂದುಕೊಡಲು ಸಿದ್ಧರಿದ್ದರು. ಅದೂ ರಕ್ತ ತೆಳುವಾಗಿಸುವುದೇ, 3 ಮಿಲಿಗ್ರಾಂ ಬದಲಿಗೆ 3 ಮಿಲಿಗ್ರಾಂ ಕೊಟ್ಟರಾಯಿತು ಅನ್ನುವ ಲೆಕ್ಕ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕೊಟ್ಟೇಬಿಡುತ್ತಿದ್ದೆವು. ಅಷ್ಟರಲ್ಲಿ ಅಮ್ಮನ ಡಾಕ್ಟರು ಫೋನಿಗೆ ಸಿಕ್ಕರು. ಅಷ್ಟು ಸಿಟ್ಟಿನಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎರಡೂ ಮಾತ್ರೆಯ ಮಿಲಿಗ್ರಾಂ ಲೆಕ್ಕ ಒಂದೇ ಅಲ್ಲ, ವಾರ್ಫರಿನ್ ಸುಮಾರು ಎರಡು ಪಟ್ಟು ಬೇಕಾಗುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, ಐಎನ್‌ಆರ್ ನೋಡದೆ ಯಾರೂ ಕೊಡುವ ಹಾಗಿಲ್ಲ. "ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ" ಅಂದರು.

ಹೋದೆವು. ಅಲ್ಲಿಯ ಡಾಕ್ಟರು ಕೇಳಿದ್ದು ನಾಲ್ಕೇ ಪ್ರಶ್ನೆ. ಯಾವ ವಾಲ್ವ್? ಐಎನ್‌ಆರ್ ಎಷ್ಟಿರಬೇಕು ಅಂತ ಹೇಳಿದ್ದಾರೆ? ಕೊನೆಯ ಸಲ ಎಷ್ಟಿತ್ತು? ಬೇರೆ ಏನೇನು ಮಾತ್ರೆ ತಗೋತಾರೆ? ಎರಡನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿತ್ತು. ಕೊನೆಯದಕ್ಕೆ "ಬಿಪಿಗೆ ಒಂದು, ಬೆಳ್ಳಗೆ ಉದ್ದಕ್ಕಿರುತ್ತೆ" ಅಂದೆ. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಐಎನ್‌ಆರ್ 1.4 ಬಂತು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದರು, ವಾಲ್ವಿನ ಮೇಲೆ ಹೆಪ್ಪು ಕಾಣಲಿಲ್ಲ. ವಾರ್ಫರಿನ್ ಶುರುಮಾಡಿದರು, ಅದು ಪೂರ್ತಿ ಹಿಡಿಯುವವರೆಗೆ ದಿನಕ್ಕೆರಡು ಸಲ ಹೊಟ್ಟೆಯ ಚರ್ಮಕ್ಕೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್. ಮೆಟಲ್ ವಾಲ್ವ್ ಇದ್ದವರ ಪಕ್ಕ ಮಲಗಿದ್ದರೆ ನಿಮಗೂ ಗೊತ್ತಿರುತ್ತದೆ, ರಾತ್ರಿ ಸದ್ದಡಗಿದ ಮೇಲೆ ಎದೆಯೊಳಗಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳಿಸುತ್ತದೆ. ಆ ಸದ್ದು ಮಂಕಾದರೆ ತಕ್ಷಣ ಬನ್ನಿ ಅಂತ ಹೇಳಿ ಕಳಿಸಿದ್ದರು. ಆ ವಾರ ನಾನು ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಆ ಸದ್ದನ್ನೇ ಕೇಳುತ್ತಾ ಮಲಗಿದೆ. ಹೀಟರ್ ಶುರುವಾದರೆ ಕೇಳಿಸುತ್ತಿರಲಿಲ್ಲ. ಎದ್ದು ಅಮ್ಮನ ಬೆನ್ನಿನ ಹತ್ತಿರ ಕಿವಿ ಇಡುತ್ತಿದ್ದೆ.

ಸೂಟ್‌ಕೇಸ್ ಆರನೇ ದಿನ ಬಂತು. ಒಳಗೆ ಮಾತ್ರೆಗಳೆಲ್ಲ ಹಾಗೇ ಇದ್ದವು. ಹಳೆಯದಕ್ಕೆ ವಾಪಸು ಹೋಗಬೇಡಿ, ಎರಡನ್ನೂ ಬೆರೆಸಲೇಬೇಡಿ ಅಂತ ಎರಡೂ ಕಡೆಯ ಡಾಕ್ಟರುಗಳು ಹೇಳಿದರು. ಊರಿಗೆ ಮರಳುವವರೆಗೂ ಅಮ್ಮ ವಾರ್ಫರಿನ್ನಿನಲ್ಲೇ ಇದ್ದರು.

ಹೆಸರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದು ವಾಲ್ವ್ ಇಲ್ಲದವರಿಗೂ ಬೇಕಾದದ್ದು. ಬ್ರ್ಯಾಂಡಿನ ಹೆಸರು ಗಡಿ ದಾಟಿದ ಮೇಲೆ ಕೆಲಸಕ್ಕೆ ಬರುವುದಿಲ್ಲ, ಕೆಲವು ಸಲ ದಾರಿಯನ್ನೇ ತಪ್ಪಿಸುತ್ತದೆ. ಫ್ಲೋಮ್ಯಾಕ್ಸ್ ಅಂದರೆ ಅಮೆರಿಕದಲ್ಲಿ ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಅದೇ ಹೆಸರಿನಲ್ಲಿ ಇಟಲಿಯಲ್ಲಿ ಇದ್ದದ್ದು ಉರಿಯೂತದ ಔಷಧಿ. ಡಿಲಾಕೋರ್ ಅಮೆರಿಕದಲ್ಲಿ ಬಿಪಿಯ ಡಿಲ್ಟಿಯಾಜೆಮ್ ಆಗಿತ್ತು, ಸರ್ಬಿಯಾದಲ್ಲಿ ಹೃದಯದ ಡಿಗಾಕ್ಸಿನ್. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಹಾಗಾಗಿ ಒಳಗಿರುವ ಔಷಧಿಯ ಹೆಸರನ್ನು, ಜನೆರಿಕ್ ಹೆಸರು ಅನ್ನುತ್ತಾರಲ್ಲ ಅದನ್ನು, ಬರೆಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಇಂಥ ಹೆಸರುಗಳ ಪಟ್ಟಿ ಪ್ರಕಟಿಸುತ್ತಿರುವುದೇ ಎಲ್ಲ ಕಡೆ ಒಂದೇ ಹೆಸರಿರಲಿ ಅಂತ. ಅದರಲ್ಲೂ ಕೆಲವಕ್ಕೆ ಎರಡು ಹೆಸರು ಉಳಿದುಕೊಂಡಿವೆ: ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್, ಉಬ್ಬಸದ ಸಾಲ್ಬ್ಯುಟಮಾಲ್ ಅಲ್ಲಿ ಅಲ್ಬ್ಯುಟೆರಾಲ್, ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್. ಇದು ಗೊತ್ತಿಲ್ಲದೆ ತಮ್ಮ ಪ್ಯಾರಾಸಿಟಮಾಲ್ ಜೊತೆಗೆ ಅಸೆಟಮಿನೋಫೆನ್ ಇರುವ ಅಲ್ಲಿನ ನೆಗಡಿ ಮಾತ್ರೆಯನ್ನೂ ನುಂಗಿದರೆ ಒಂದೇ ಔಷಧಿ ಎರಡೆರಡು ಸಲ ಹೊಟ್ಟೆಗೆ ಹೋಗಿ ಲಿವರ್‌ಗೆ ಕುತ್ತು. ಇನ್ನು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರಿಗೆ ಮಂಡಿನೋವು ಅಂತ ಯಾರಾದರೂ ಐಬುಪ್ರೊಫೆನ್ ಕೊಟ್ಟರೆ ಬೇಡ ಅನ್ನಿ. ರಕ್ತಸ್ರಾವವಾಗಬಹುದು.

ಅಮ್ಮನ ಹಾಗೆ ಅಸಿನೊಕೌಮರಾಲ್ ತೆಗೆದುಕೊಳ್ಳುವವರು ಅದು ಸಿಗದ ದೇಶಕ್ಕೆ ತಿಂಗಳುಗಟ್ಟಲೆ ಇರಲು ಹೋಗುತ್ತಿದ್ದರೆ, ಹೊರಡುವ ಎಷ್ಟೋ ವಾರ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಅಲ್ಲಿ ಸಿಗುವ ಮಾತ್ರೆಗೆ ಬದಲಾಯಿಸುವುದಾದರೆ ಇಲ್ಲೇ, ಐಎನ್‌ಆರ್ ನೋಡಿಕೊಂಡು ಬದಲಾಯಿಸಬಹುದು. ಮಾತ್ರೆ ಮುಗಿದಾಗ ಕೊರಿಯರಿನಲ್ಲಿ ಕಳಿಸುತ್ತೇವೆ ಅನ್ನುವ ಭರವಸೆಯಲ್ಲಿ ಹೋಗಬೇಡಿ, ಕಸ್ಟಮ್ಸಿನಲ್ಲಿ ನಿಂತುಬಿಡಬಹುದು. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಕ್ಕೆ ಆಗುವಷ್ಟು ಔಷಧಿಯನ್ನು ಜೊತೆಯಲ್ಲಿ ಒಯ್ಯಲು ಬಿಡುತ್ತಾರೆ. ಬೇರೆ ದೇಶಗಳ ನಿಯಮ ಬೇರೆ. ನಮಗೆ ಮಾಮೂಲಿ ಅನ್ನಿಸುವ ಔಷಧಿಯೇ ಕೆಲವು ಕಡೆ ಅಪರಾಧ: ಶೇಕಡ 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ಜಪಾನಿಗೆ ತರುವ ಹಾಗಿಲ್ಲ, ಯುಎಇಗೆ ನೋವಿನ ಔಷಧಿಗಳಾದ ಟ್ರಾಮಡಾಲ್, ಕೋಡೀನ್ ಒಯ್ಯಲು ಮೊದಲೇ ಅನುಮತಿ ಬೇಕು. ಹೋಗುವ ದೇಶದ ರಾಯಭಾರ ಕಚೇರಿಯ ಅಥವಾ ಆರೋಗ್ಯ ಇಲಾಖೆಯ ಪುಟದಲ್ಲಿ ಒಂದೊಂದೇ ಹೆಸರು ಹುಡುಕಿ ನೋಡಿ.

ವಿಮೆಯ ಕಥೆ ಚಿಕ್ಕದು. ಪ್ರವಾಸದ ವಿಮೆ ಮಾಡಿಸಿದ್ದೆವು, ಆದರೆ ಮೊದಲೇ ಇದ್ದ ಕಾಯಿಲೆ ಅಂತ ತಿರಸ್ಕರಿಸಿದರು. ಪಾಲಿಸಿಯಲ್ಲಿ ಅದು ಬರೆದೇ ಇತ್ತು, ನಾವು ಓದಿರಲಿಲ್ಲ. ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ನೋಡದೆ ಕಳಿಸುವ ಹಾಗಿಲ್ಲ ಅಂತ ಅಮೆರಿಕದಲ್ಲಿ 1986ರಿಂದ ಕಾನೂನಿದೆ, ಆದರೆ ಬಿಲ್ ಆಮೇಲೆ ಬಂದೇ ಬರುತ್ತದೆ. ಅದನ್ನು ಕಂತಿನಲ್ಲಿ ಕಟ್ಟುತ್ತಿದ್ದೇವೆ.

ಈಗ ಅಮ್ಮನ ಮಾತ್ರೆ ಎರಡು ಪಾಲು. ಅರ್ಧ ಅವರ ಹ್ಯಾಂಡ್ ಬ್ಯಾಗಿನಲ್ಲಿ, ಅರ್ಧ ನನ್ನದರಲ್ಲಿ, ಕತ್ತರಿಸದ ಪೂರ್ತಿ ಸ್ಟ್ರಿಪ್ಪುಗಳು. ಜೊತೆಗೆ ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಒಂದು ಪುಟ: ಜನೆರಿಕ್ ಹೆಸರುಗಳು, ಯಾವುದು ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಐಎನ್‌ಆರ್ ಎಷ್ಟಿರಬೇಕು, ಕೊನೆಯ ಮೂರು ರಿಪೋರ್ಟಿನಲ್ಲಿ ಎಷ್ಟಿತ್ತು, ಯಾವ ಔಷಧಿ ಕೊಡಬಾರದು. ಗಡಿಯಾರ ಹತ್ತು ಹನ್ನೆರಡು ಗಂಟೆ ಹಿಂದೆ ಮುಂದೆ ಆಗುವಾಗ ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕು ಅಂತಲೂ ಕೇಳಿ ಅದರಲ್ಲೇ ಬರೆಸಿದ್ದೇವೆ. ಆಪರೇಷನ್ ಆದಾಗ ಆಸ್ಪತ್ರೆಯವರು ವಾಲ್ವಿನ ಹೆಸರು, ಅಳತೆ, ನಂಬರ್ ಇರುವ ಒಂದು ಕಾರ್ಡ್ ಕೊಟ್ಟಿದ್ದರು. ಎಂಟು ವರ್ಷ ಅದು ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಈಗ ಅಮ್ಮನ ಪಾಸ್‌ಪೋರ್ಟಿನ ಕವರಿನೊಳಗಿದೆ.