ಎರ್ಟಿಗಾ, ಕಾರೆನ್ಸ್, ಇನ್ನೋವಾ: ಆರು ಜನ ಕೂತು ಘಾಟಿ ಹತ್ತಿ ನೋಡಿದ ಮೇಲೆ

ನಾವು ಮನೆಯಲ್ಲಿ ಆರು ಜನ. ಅಪ್ಪ, ಅಮ್ಮ, ನಾವಿಬ್ಬರು, ಎಂಟು ವರ್ಷದ ಮಗಳು, ಇನ್ನೂ ಎರಡು ತುಂಬದ ಮಗ. ಇರುವುದು ಮೈಸೂರಿನಲ್ಲಿ, ಊರು ತೀರ್ಥಹಳ್ಳಿ ಹತ್ತಿರ, ಹೆಂಡತಿಯ ತವರು ಉಡುಪಿ. ಊರಿಗೆ ಹೋದಾಗಲೆಲ್ಲ ಆಗುಂಬೆ ಘಾಟಿ ಇಳಿದು ಹತ್ತುವುದು ಇದ್ದೇ ಇದೆ. ಮಗ ಹುಟ್ಟಿದ ಮೇಲೆ ಹಳೆಯ ಸಣ್ಣ ಕಾರು ಸಾಲದಾಯಿತು. ಮೂರು ಸಾಲಿನ ಕಾರೇ ಬೇಕು ಅಂತ ತೀರ್ಮಾನವಾಯಿತು.

ಇಂಥ ಕಾರನ್ನು ಶೋರೂಮಿನ ಟೆಸ್ಟ್ ಡ್ರೈವ್ ನಂಬಿ ಆರಿಸಲು ಆಗುವುದಿಲ್ಲ. ಖಾಲಿ ಕಾರಿನಲ್ಲಿ ರಿಂಗ್ ರೋಡ್ ಮೇಲೆ ಒಂದು ಸುತ್ತು ಹೊಡೆದರೆ ಎಲ್ಲ ಕಾರೂ ಚೆನ್ನಾಗೇ ಓಡುತ್ತದೆ. ಹಾಗಾಗಿ ಭಾವನ ಪೆಟ್ರೋಲ್ ಮಾರುತಿ ಎರ್ಟಿಗಾ ಕೇಳಿ ತಂದೆವು. ಆಫೀಸಿನ ಗೆಳೆಯರೊಬ್ಬರು ತಮ್ಮ ಡೀಸೆಲ್ ಕಿಯಾ ಕಾರೆನ್ಸ್ ಕೊಟ್ಟರು. ಟೊಯೋಟಾ ಇನ್ನೋವಾ ಕ್ರಿಸ್ಟಾವನ್ನು ಡ್ರೈವರ್ ಸಮೇತ ಬಾಡಿಗೆಗೆ ಹಿಡಿದೆವು. ಪ್ರತಿ ಸಲವೂ ಆರೂ ಜನ, ಲಗೇಜು, ಚೈಲ್ಡ್ ಸೀಟು ಎಲ್ಲ ತುಂಬಿಕೊಂಡೇ ಹೋದೆವು.

ರೆನೋ ಟ್ರೈಬರ್ ಕೂಡ ಮೂರು ಸಾಲಿನ ಕಾರೇ, ಅದನ್ನು ಯಾಕೆ ಬಿಟ್ಟೆವು ಅಂತ ಮೊದಲೇ ಹೇಳಿಬಿಡುತ್ತೇನೆ. ಉದ್ದ 3990 ಮಿಲಿಮೀಟರ್, ಅಂದರೆ 4 ಮೀಟರ್ ಒಳಗೆ, ಎಂಜಿನ್ನೂ ಸಣ್ಣದು. ಹಾಗಾಗಿ 2025ರ ಸೆಪ್ಟೆಂಬರ್‌ನಿಂದ ಅದಕ್ಕೆ ಜಿಎಸ್‌ಟಿ 18% ಮಾತ್ರ. ಉಳಿದ ಮೂರಕ್ಕೂ 40%. ಮೂರನೇ ಸಾಲಿನ ಸೀಟುಗಳನ್ನು ಪೂರ್ತಿ ಕಳಚಿ ಮನೆಯಲ್ಲೇ ಇಡಬಹುದು, ಆಗ ಡಿಕ್ಕಿ 625 ಲೀಟರ್ ಆಗುತ್ತದೆ. ಐದು ಜನರ ಮನೆಗೆ ಬಹಳ ಒಳ್ಳೆಯ ಕಾರು. ಆದರೆ ಎಲ್ಲ ಸೀಟೂ ಹಾಕಿದರೆ ಉಳಿಯುವುದು 84 ಲೀಟರ್ ಜಾಗ. 1 ಲೀಟರ್ ಎಂಜಿನ್‌ನಿಂದ ಆರು ಜನರನ್ನು ಘಾಟಿ ಹತ್ತಿಸುವುದು ನನಗೆ ಬೇಡವೆನಿಸಿತು.

ಉಳಿದ ಮೂರರಲ್ಲಿ ನಾನು ಜಾಸ್ತಿ ನೋಡಿದ್ದು ಒಂದೇ: ಚೈಲ್ಡ್ ಸೀಟು ಹಾಕಿದ ಮೇಲೆ ಹಿಂದಿನ ಸಾಲಿಗೆ ಹೋಗುವುದು ಹೇಗೆ? ಚೈಲ್ಡ್ ಸೀಟನ್ನು ಕಚ್ಚಿಸುವ ಐಸೋಫಿಕ್ಸ್ ಕೊಂಡಿ ಇರುವುದು ಎರಡನೇ ಸಾಲಿನಲ್ಲಿ. ಅಲ್ಲಿ ಒಮ್ಮೆ ಕೂರಿಸಿದರೆ ಆ ಭಾಗವನ್ನು ಮಡಚಲಾಗದು. ಹಾಗಾಗಿ ಮಗ ಡ್ರೈವರ್ ಹಿಂದೆ, ಅಂದರೆ ಬಲಕ್ಕೆ. ಅಮ್ಮ ಎಡಕ್ಕೆ. ಅಪ್ಪ ಮುಂದೆ ನನ್ನ ಪಕ್ಕ. ಹೆಂಡತಿ, ಮಗಳು ಮೂರನೇ ಸಾಲಿಗೆ. ಅವರಿಬ್ಬರು ಇಳಿದು ಹತ್ತಬೇಕಾದರೆ ಅಮ್ಮ ಪ್ರತಿ ಸಲ ಇಳಿಯಲೇಬೇಕು. ಅಮ್ಮನಿಗೆ ಮಂಡಿ ನೋವು. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದರೂ ಇದೇ ಕೆಲಸ.

ಎರ್ಟಿಗಾದಲ್ಲಿ ಆ ಸೀಟನ್ನು ಕೈಯಿಂದ ಮುಂದಕ್ಕೆ ಬಾಗಿಸಿ ಜಾರಿಸಬೇಕು. ಕಷ್ಟವೇನಿಲ್ಲ, ಆದರೆ ಮಗಳ ಕೈಗೆ ಆಗಲಿಲ್ಲ. ಕಾರೆನ್ಸ್‌ನಲ್ಲಿ ಒಂದು ಬಟನ್ ಒತ್ತಿದರೆ ಎಡಗಡೆಯ ಸೀಟು ತಾನೇ ಮಡಚಿ ಮುಂದಕ್ಕೆ ಉರುಳುತ್ತದೆ. ಮಗಳೇ ಒತ್ತಿಕೊಂಡು ಇಳಿದಳು. ಕಾಗದದ ಮೇಲೆ ಸಣ್ಣ ವಿಷಯ, ನಮ್ಮ ಪಾಲಿಗೆ ಇದು ದೊಡ್ಡದು. ಇನ್ನೋವಾದಲ್ಲಿ ಹಿಂದಕ್ಕೆ ಹೋಗಲು ದಾರಿ ಅಗಲ, ಆದರೆ ಕಾರೇ ಎತ್ತರ. ಲಾರಿ, ಜೀಪುಗಳಂತೆ ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಬಾಡಿ ಅದು. ಅಮ್ಮ ಹಿಡಿ ಹಿಡಿದುಕೊಂಡು ಎಳೆದುಕೊಳ್ಳುತ್ತಲೇ ಹತ್ತಬೇಕಾಯಿತು.

ಕೂತ ಮೇಲೆ ಮಾತ್ರ ಇನ್ನೋವಾದ ಸುಖಕ್ಕೆ ಸಾಟಿ ಇಲ್ಲ. ಬಾಡಿಗೆ ಕಾರಾದ್ದರಿಂದ ನಾನೇ ಮೂರನೇ ಸಾಲಿನಲ್ಲಿ ಕೂತು ನೋಡಿದೆ. ಭುಜಕ್ಕೆ ಜಾಗ ಇದೆ, ಹೊಂಡ ಬಿದ್ದರೂ ಮೈ ಕುಲುಕುವುದು ಕಡಿಮೆ. ಕಾರೆನ್ಸ್ ಉದ್ದ 4540 ಮಿಲಿಮೀಟರ್, ಭಾವನ ಎರ್ಟಿಗಾ 4395. ಎರಡರಲ್ಲೂ ಮೂರನೇ ಸಾಲಿನಲ್ಲಿ ನನ್ನಷ್ಟು ಎತ್ತರದವರಿಗೆ ಮಂಡಿ ಮೇಲೆದ್ದು ಕೂರುತ್ತದೆ. ಒಂದೆರಡು ಗಂಟೆಗೆ ಪರವಾಗಿಲ್ಲ, ಮೈಸೂರಿನಿಂದ ತೀರ್ಥಹಳ್ಳಿಯವರೆಗೆ ಬೇಡ. ನನ್ನ ಹೆಂಡತಿ ಕುಳ್ಳಗಿದ್ದಾಳೆ. ಅವಳಿಗೆ ಕಾರೆನ್ಸ್‌ನಲ್ಲಿ ಹಾಯಾಗಿತ್ತು, ತಲೆಯ ಮೇಲೆ ಎಸಿ ಗಾಳಿಯೂ ಬರುತ್ತಿತ್ತು. ಭಾವನ ಎರ್ಟಿಗಾದಲ್ಲಿ ಮೇಲಿನ ಎಸಿ ಇದ್ದದ್ದು ಎರಡನೇ ಸಾಲಿಗೆ. ಹಿಂದಕ್ಕೆ ತಂಪು ತಲುಪುತ್ತಿತ್ತು, ಸ್ವಲ್ಪ ತಡವಾಗಿ.

ಇನ್ನು ಘಾಟಿ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಿಂದ ಮೇಲೆ ಬರುವಾಗ ಪ್ರತಿ ತಿರುವಿನಲ್ಲೂ ವೇಗ ಪೂರ್ತಿ ಇಳಿಯುತ್ತದೆ, ಮತ್ತೆ ಸೊನ್ನೆಯಿಂದ ಎಳೆಯಬೇಕು. ಇಲ್ಲಿ ಕೆಲಸಕ್ಕೆ ಬರುವುದು ಟಾರ್ಕ್, ಅಂದರೆ ಎಂಜಿನ್ ಎಳೆಯುವ ಬಲ; ಅದನ್ನು ಅಳೆಯುವುದು ಎನ್‌ಎಂ ಲೆಕ್ಕದಲ್ಲಿ. ಎರ್ಟಿಗಾದ 1.5 ಲೀಟರ್ ಪೆಟ್ರೋಲಿನದು ಸುಮಾರು 137 ಎನ್‌ಎಂ, ಅದೂ ಎಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗಿದಾಗ. ಹಾಗಾಗಿ ಮೊದಲ ಗೇರಿಗೆ ಇಳಿಸಿ ಎಂಜಿನ್ ಕೂಗಿಸಲೇಬೇಕು. ಹತ್ತುತ್ತದೆ, ಎಲ್ಲೂ ನಿಲ್ಲುವುದಿಲ್ಲ, ಆದರೆ ಓಡಿಸುವವರಿಗೆ ದಣಿವು. ಕಾರೆನ್ಸ್ ಡೀಸೆಲ್‌ನದು 250 ಎನ್‌ಎಂ, 1500 ಸುತ್ತಿಗೇ ಸಿಗುತ್ತದೆ. ಹೆಚ್ಚಿನ ತಿರುವುಗಳನ್ನು ಎರಡನೇ ಗೇರಿನಲ್ಲೇ ದಾಟಿದೆ. ಕ್ರಿಸ್ಟಾದ 2.4 ಲೀಟರ್ ಡೀಸೆಲ್ 343 ಎನ್‌ಎಂ, ಎಳೆಯುವುದು ಹಿಂದಿನ ಚಕ್ರಗಳು. ಡ್ರೈವರ್ ಅಪ್ಪನ ಜೊತೆ ಹರಟುತ್ತಲೇ ಮೇಲೆ ತಂದರು. ಆದರೆ ಎತ್ತರದ ಕಾರಾದ್ದರಿಂದ ತಿರುವಿನಲ್ಲಿ ವಾಲುತ್ತದೆ. ಮಗಳಿಗೆ ವಾಂತಿ ಬರುವಂತಾಗಿದ್ದು ಅದರಲ್ಲೇ.

ಡಿಕ್ಕಿಯ ವಿಷಯದಲ್ಲಿ ಯಾರೂ ಕನಸು ಕಾಣಬೇಡಿ. ಮೂರೂ ಸಾಲು ತುಂಬಿದಾಗ ಎರ್ಟಿಗಾದಲ್ಲಿ 209 ಲೀಟರ್, ಕಾರೆನ್ಸ್‌ನಲ್ಲಿ 216, ಇನ್ನೋವಾದಲ್ಲಿ 300. ಊರಿಂದ ಬರುವಾಗ ತೆಂಗಿನಕಾಯಿ, ಅಕ್ಕಿ, ಹಲಸಿನ ಹಪ್ಪಳ ಇಲ್ಲದೆ ಅಮ್ಮ ಹೊರಡುವುದಿಲ್ಲ. ಸಿಎನ್‌ಜಿ ಎರ್ಟಿಗಾ ಮೈಲೇಜಿಗೆ ಚೆಂದ, ಆದರೆ ಅದರ ಸಿಲಿಂಡರ್ ಕೂರುವುದು ಇದೇ ಜಾಗದಲ್ಲಿ. ಯಾವುದು ಕೊಂಡರೂ ನಮಗೆ ಮೇಲೊಂದು ಕ್ಯಾರಿಯರ್ ಬೇಕೇ ಬೇಕು.

ದುಡ್ಡಿನ ಲೆಕ್ಕ ಬೇಗ ಮುಗಿಯಿತು. ನಮ್ಮ ರಾಜ್ಯದಲ್ಲಿ ಬೆಲೆ 10 ಲಕ್ಷ ದಾಟಿದರೆ ರಸ್ತೆ ತೆರಿಗೆ 17%, 20 ಲಕ್ಷ ದಾಟಿದರೆ 18%, ಅದರ ಮೇಲೆ ಸೆಸ್ ಬೇರೆ. ಕ್ರಿಸ್ಟಾ ಆನ್‌ರೋಡ್ 20 ಲಕ್ಷದ ಮೇಲೆಯೇ. ಬಿಡದಿಯಲ್ಲೇ ತಯಾರಾಗುವ ಇನ್ನೊಂದು ಇನ್ನೋವಾ, ಹೈಕ್ರಾಸ್‌ನಲ್ಲೂ ಒಮ್ಮೆ ಕೂತು ನೋಡಿದೆವು. ಹತ್ತಲು ಸುಲಭ, ಅಮ್ಮನಿಗೆ ಬಹಳ ಹಿಡಿಸಿತು. ಆದರೆ ಪೆಟ್ರೋಲ್ ಜೊತೆ ಬ್ಯಾಟರಿಯಿಂದಲೂ ಓಡುವ ಅದರ ಹೈಬ್ರಿಡ್ ನಮ್ಮ ಕೈಗೆ ಎಟುಕುವ ಬೆಲೆಯಲ್ಲ.

ಕೊನೆಗೆ ಕಾರೆನ್ಸ್ ಡೀಸೆಲ್ ಬುಕ್ ಮಾಡಿದೆವು. ಆ ಕಾರು 2022ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದಲೂ ಎಲ್ಲ ವೇರಿಯಂಟ್‌ನಲ್ಲಿ 6 ಏರ್‌ಬ್ಯಾಗ್ ಇದೆ, ಎರ್ಟಿಗಾದಲ್ಲಿ ಹಾಗಾದದ್ದು 2025ರಲ್ಲಿ. ಆರು ಸೀಟಿನದೋ ಏಳರದೋ ಅಂತ ಮನೆಯಲ್ಲಿ ಚರ್ಚೆ ನಡೆಯಿತು. ಆರರದ್ದರಲ್ಲಿ ಎರಡನೇ ಸಾಲಿನ ಸೀಟುಗಳ ನಡುವೆ ಸಂದಿ ಇರುತ್ತದೆ, ಹಿಂದೆ ಕೂತ ತಾಯಿ ಮಗುವಿನ ಕಡೆ ಕೈ ಚಾಚಬಹುದು. ಆದರೆ ಅದು ದುಬಾರಿ ವೇರಿಯಂಟ್‌ನಲ್ಲಿ ಮಾತ್ರ ಇತ್ತು. ಜೊತೆಗೆ ಊರಿಗೆ ಹೋದ ಮೇಲೆ ಏಳನೆಯವರು ಸಿಕ್ಕೇ ಸಿಗುತ್ತಾರೆ, ಅಲ್ವಾ? ಏಳರದ್ದನ್ನೇ ತಗೊಂಡೆವು.

ಮೂರನೇ ಸಾಲಿನಲ್ಲಿ ದಿನಾ ಇಬ್ಬರು ದೊಡ್ಡವರು ಕೂರುವ ಮನೆಯಾದರೆ ಸಾಲ ಸ್ವಲ್ಪ ಜಾಸ್ತಿಯಾದರೂ ಇನ್ನೋವಾ ನೋಡಿ. ಊರೊಳಗಿನ ಓಡಾಟವೇ ಹೆಚ್ಚು, ಘಾಟಿ ವರ್ಷಕ್ಕೊಮ್ಮೆ ಅನ್ನುವವರು ಎರ್ಟಿಗಾ ಬಿಟ್ಟು ಹೆಚ್ಚು ದುಡ್ಡು ಹಾಕಲು ನನಗೆ ಕಾರಣ ಕಾಣುವುದಿಲ್ಲ. ಶೋರೂಮಿಗೆ ಹೋಗುವಾಗ ಚೈಲ್ಡ್ ಸೀಟನ್ನು ಹೊತ್ತುಕೊಂಡೇ ಹೋಗಿ. ಬಲಕ್ಕೆ ಕಚ್ಚಿಸಿ, ಮನೆಯ ಹಿರಿಯರನ್ನು ಎಡಕ್ಕೆ ಕೂರಿಸಿ, ಆಮೇಲೆ ನೀವು ಹಿಂದಿನ ಸಾಲಿಗೆ ಹೋಗಿ ಇಳಿದು ಬನ್ನಿ.